ದುಡಿಯುವವರ ರೈಲು

ಬೆಂಗಳೂರಿನ ಉಪನಗರ ರೈಲ್ವೆಯ ಪ್ರಶ್ನೆಯು ನಮ್ಮ ನಾಡಿಗೆ ಹೊಸದಲ್ಲ. ಇಂತಹದೊಂದು ವ್ಯವಸ್ಥೆಯು ಈ ನಗರಕ್ಕೆ ಅವಶ್ಯವೆಂಬ ಸೂಚನೆಯು 1983ರಲ್ಲಿಯೇ ಸರಕಾರದ ಮುಂದೆ ಬಂದಿತ್ತು. ಅಂದು ತೊಟ್ಟಿಲಲ್ಲಿದ್ದ ಕೂಸುಗಳು ಇಂದು ನಡುವಯಸ್ಸನ್ನು ಮುಟ್ಟಿರುವರು. 2022ನೆಯ ಇಸವಿ ಜೂನ್ 20ರಂದು ಪ್ರಧಾನ ಮಂತ್ರಿಗಳಾದ ಶ್ರೀ ನರೇಂದ್ರ ಮೋದಿಯವರು ಈ ಯೋಜನೆಗೆ ಅಡಿಗಲ್ಲನ್ನಿಟ್ಟು, ನಲವತ್ತು ವರ್ಷಗಳಿಂದ ಆಗದೆ ಉಳಿದುದನ್ನು ನಲವತ್ತು ತಿಂಗಳಲ್ಲಿ ಮುಗಿಸಿಕೊಡುವುದಾಗಿ ಹೇಳಿದರು. ಜನರು ಆ ಮಾತನ್ನು ನಂಬಿದರು. 2025ರ ಅಕ್ಟೋಬರಿನಲ್ಲಿ ನಲವತ್ತು ತಿಂಗಳು ತುಂಬಿದವು. ನಾಲ್ಕು ಮಾರ್ಗಗಳಲ್ಲಿ ಒಂದರ ಮೇಲೆಯೂ ಅಂದಿಗೆ ಒಂದು ಬಂಡಿಯೂ ಓಡಿರಲಿಲ್ಲ. ಈ ಸಂದರ್ಭದಲ್ಲಿ ಉಪನಗರ ರೈಲ್ವೆಯು ಯಾರಿಗಾಗಿ, ಅದು ಏಕೆ ತಡೆಯಿತು, ಇನ್ನು ಆಗಬೇಕಾದುದೇನು ಎಂಬುದನ್ನು ಓದುಗರೊಡನೆ ವಿಚಾರ ಮಾಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ರೈಲು ಈ ಊರಿಗೆ ಬಂದ ಬಗೆಯಲ್ಲಿಯೇ ಒಂದು ಪಾಠವಿದೆ. 1864ರಲ್ಲಿ ಮದರಾಸು ರೈಲ್ವೆಯವರು ಜೋಲಾರಪೇಟೆಯಿಂದ ಹಳಿಯನ್ನು ತಂದು ನಿಲ್ಲಿಸಿದುದು ದಂಡಿನ ಬಾಗಿಲಲ್ಲಿ. ಪೇಟೆಯ ಜನರು ಅಲ್ಲಿಗೆ ನಡೆದುಹೋಗಬೇಕಾಗಿತ್ತು. 1880ರ ದಶಕದ ಮೊದಲಲ್ಲಿ ಮೈಸೂರಿನವರೆಗೆ ಮೀಟರ್ ಗೇಜಿನ ಹಳಿ ಬಿದ್ದಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ಹಾಕಿದ ಹಳಿಯು ಚಿನ್ನದ ಗಣಿಗಳಿಗಾಗಿ. ಮುಂದೆ ಚಿಕ್ಕಬಳ್ಳಾಪುರದ ಕಡೆಗೆ ಕಿರಿಯ ಹಳಿಯೂ ಬಂದಿತು. ಹೀಗೆ ನಗರದಿಂದ ಹಲವು ದಿಕ್ಕುಗಳಿಗೆ ಹಳಿಗಳು ಹರಡಿದವು. ಸಿಪಾಯಿಗೆ, ಸರಕಿಗೆ, ದೂರದ ಯಾತ್ರಿಕನಿಗೆ ಅವು ಒದಗಿದವು. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಮರಳುವ ಮನುಷ್ಯನನ್ನು ಕಣ್ಣ ಮುಂದಿಟ್ಟುಕೊಂಡು ಹಾಕಿದ ಹಳಿ ಮಾತ್ರ ಒಂದೂ ಇರಲಿಲ್ಲ.

ಆ ಮನುಷ್ಯನನ್ನು ಕಾಣಬೇಕಾದವರು ಕೋಲಾರದ ಚಿನ್ನದ ಗಣಿಯ ಊರಿಗೆ ಹೋಗಬೇಕು. ಒಂದು ಶತಮಾನಕ್ಕೂ ಮಿಕ್ಕಿ ನಾಡಿಗೆ ಚಿನ್ನವನ್ನು ಕೊಟ್ಟ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಭೂಮಿಯ ಒಳಗೆ ಇಳಿದು ದುಡಿದವರ ಮಕ್ಕಳಿಗೆ ಊರಿನಲ್ಲಿ ಕೆಲಸವಿಲ್ಲದಾಯಿತು. ಮನೆಮಾರು ಬಿಟ್ಟು ಬೆಂಗಳೂರಿನಲ್ಲಿ ಬಾಡಿಗೆಗೆ ನೆಲೆಸುವ ಶಕ್ತಿ ಬಹುಮಂದಿಗೆ ಇರಲಿಲ್ಲ. ಅವರಿಗೆ ಉಳಿದ ಆಸರೆಯೆಂದರೆ ತಂದೆಯರ ಕಾಲದ ಆ ರೈಲುದಾರಿಯೊಂದೇ. ಬೆಳಕು ಹರಿಯುವ ಮುನ್ನ ಬುತ್ತಿ ಕಟ್ಟಿಕೊಂಡು ಮಾರಿಕುಪ್ಪದಲ್ಲಿಯೋ ಬಂಗಾರಪೇಟೆಯಲ್ಲಿಯೋ ಗಾಡಿ ಹತ್ತಿ, ಕತ್ತಲಾದ ಮೇಲೆ ಮನೆ ಸೇರುವ ಗಂಡಸರೂ ಹೆಂಗಸರೂ ಸಾವಿರಾರು. ಬಂಗಾರಪೇಟೆಗೂ ಬೆಂಗಳೂರಿಗೂ ನಡುವೆ ಸುಮಾರು 70 ಕಿಲೋಮೀಟರುಗಳ ದಾರಿ. ಮಂಡ್ಯ, ಮದ್ದೂರು, ರಾಮನಗರಗಳಿಂದಲೂ ತುಮಕೂರಿನಿಂದಲೂ ತಿಂಗಳ ಪಾಸು ಹಿಡಿದು ಬರುವವರ ಕಥೆಯು ಇದಕ್ಕಿಂತ ಬಹಳ ಬೇರೆಯಲ್ಲ. ಇವರು ನಗರದ ಕಾರ್ಖಾನೆಗಳಿಗೂ ಅಂಗಡಿಗಳಿಗೂ ಕಚೇರಿಗಳಿಗೂ ಕೈಯಾಗಿರುವರು. ನಗರವು ಇವರ ಮುಖವನ್ನು ನೋಡಿಲ್ಲ.

ಗಾಡಿಗಳು ಇವೆಯಲ್ಲ, ಇನ್ನೇನು ಬೇಕು ಎಂದು ಕೇಳುವವರುಂಟು. ಇರುವ ಹಳಿಯ ಮೇಲೆ ದೂರದ ಎಕ್ಸ್‌ಪ್ರೆಸ್, ಸರಕಿನ ಗಾಡಿ, ದಿನನಿತ್ಯದ ಪ್ಯಾಸೆಂಜರ್ ಮೂರೂ ಓಡಬೇಕು. ಎಕ್ಸ್‌ಪ್ರೆಸ್ ಬರುವ ಸೂಚನೆಯಾಯಿತೆಂದರೆ ಪ್ಯಾಸೆಂಜರ್ ಗಾಡಿಯು ಪಕ್ಕದ ಹಳಿಗೆ ಸರಿದು ದಾರಿ ಬಿಡಬೇಕು. ನಗರದ ಸಮೀಪಕ್ಕೆ ಬಂದರೂ ಪ್ಲಾಟ್‌ಫಾರಂ ಬರಿದಾಗುವವರೆಗೆ ಸಿಗ್ನಲಿನ ಹೊರಗೆ ಕಾಯಬೇಕು. ದೂರದ ಪ್ರಯಾಣಿಕನಿಗೆ ಅರ್ಧ ಗಂಟೆ ತಡವಾದರೆ ಬೇಸರವಾದೀತು. ದಿನಗೂಲಿಯವನಿಗೆ ಅದೇ ಅರ್ಧ ಗಂಟೆಯಲ್ಲಿ ಅರ್ಧ ದಿನದ ಕೂಲಿ ಹೋಗುವುದು. ಉಪನಗರ ರೈಲ್ವೆಯ ತತ್ತ್ವವು ಇದಕ್ಕೆ ಪೂರ್ಣ ಭಿನ್ನವಾದುದು. ಅದಕ್ಕೆ ತನ್ನದೇ ಹಳಿ ಬೇಕು. ಬೇಗ ವೇಗ ಹಿಡಿದು ಬೇಗ ನಿಲ್ಲಬಲ್ಲ ವಿದ್ಯುತ್ ಬಂಡಿ ಬೇಕು. ಅಗಲವಾದ ಬಾಗಿಲು, ಬಾಗಿಲಿಗೆ ಸಮನಾದ ಪ್ಲಾಟ್‌ಫಾರಂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಗಾಡಿ ತಪ್ಪಿದರೆ ಹತ್ತು ನಿಮಿಷದಲ್ಲಿ ಇನ್ನೊಂದು ಬರುವುದೆಂಬ ಭರವಸೆ ಬೇಕು. ದೂರದ ರೈಲು ಉಳಿಸಿದ ವೇಳೆಯಲ್ಲಿ ನಾಲ್ಕು ಗಾಡಿ ಓಡಿಸಿ ಅದನ್ನೇ ಉಪನಗರ ಸೇವೆಯೆಂದು ಕರೆದರೆ ಹೆಸರು ಸಿಕ್ಕೀತು, ಸೇವೆ ಸಿಕ್ಕದು.

ಇದನ್ನು ತಿಳಿಯುವುದಕ್ಕೆ ನಾವು ಸಮುದ್ರ ದಾಟಬೇಕಾಗಿಲ್ಲ. ಅಸಂಖ್ಯಾತ ಕನ್ನಡಿಗರು ಬದುಕು ಕಟ್ಟಿಕೊಂಡ ಮುಂಬಯಿಯೇ ಸಾಕು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. 1867ರಲ್ಲಿ ವಿರಾರಿನಿಂದ ನಗರಕ್ಕೆ ದಿನಕ್ಕೊಂದು ಗಾಡಿ ಆರಂಭವಾಯಿತು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ವಿದ್ಯುತ್ ಗಾಡಿ ಬಂದಿತು. 1928ರಲ್ಲಿ ಪಶ್ಚಿಮದ ಮಾರ್ಗದಲ್ಲಿಯೂ ಕೊಲಾಬಾದಿಂದ ಬೋರಿವಲಿಯವರೆಗೆ ವಿದ್ಯುತ್ತು ಹರಿಯಿತು. ಗಿರಣಿಯ ಕೆಲಸಗಾರನೂ ಹೋಟೆಲಿನ ಹುಡುಗನೂ ದೂರದಲ್ಲಿ ಅಗ್ಗದ ಮನೆ ಹಿಡಿದು ನಗರದಲ್ಲಿ ದುಡಿಯುವುದು ಇದರಿಂದ ಸಾಧ್ಯವಾಯಿತು. ಆ ನಗರದಿಂದ ಕಲಿಯಬೇಕಾದ ಎಚ್ಚರಿಕೆಯೂ ಉಂಟು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಕಾಲುಸೇತುವೆಯ ಮೇಲೆ ನೂಕುನುಗ್ಗಲಾಗಿ 23 ಜನರು ಪ್ರಾಣ ಬಿಟ್ಟರು. ಹಳಿ ಹಾಕಿದರೆ ಸಾಲದು, ಮನುಷ್ಯನು ಹತ್ತಿ ಇಳಿಯುವ ದಾರಿಯನ್ನೂ ಜನಸಂಖ್ಯೆಗೆ ತಕ್ಕಂತೆ ಕಟ್ಟಬೇಕೆಂಬುದನ್ನು ಆ ದುರಂತವು ಕಲಿಸಿತು.

ಈಗ ನಮ್ಮ ಯೋಜನೆಯನ್ನು ನೋಡೋಣ. 2016ರ ಕೊನೆಯಲ್ಲಿ ನಗರದ ನಾಗರಿಕರು "ಚುಕುಬುಕು ಬೇಕು" ಎಂದು ಚಳವಳಿ ಹೂಡಿದರು. 2018ರ ಕೇಂದ್ರ ಆಯವ್ಯಯದಲ್ಲಿ ಸುಮಾರು 160 ಕಿಲೋಮೀಟರುಗಳ ಜಾಲದ ಪ್ರಸ್ತಾಪವಾಯಿತು. 2020ರ ಅಕ್ಟೋಬರ್ 7ರಂದು ಕೇಂದ್ರದ ಮಂತ್ರಿಮಂಡಲ ಸಮಿತಿಯು 148.17 ಕಿಲೋಮೀಟರುಗಳಿಗೆ 15,767 ಕೋಟಿ ರೂಪಾಯಿಗಳನ್ನು ಅಂಗೀಕರಿಸಿತು. ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರು: ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ದೇವನಹಳ್ಳಿಗೆ ಸಂಪಿಗೆ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ, ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಪಾರಿಜಾತ, ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ. ಹೆಸರಿಟ್ಟವರ ರಸಿಕತೆಯನ್ನು ನಾವು ಮೆಚ್ಚುತ್ತೇವೆ. ಆದರೆ ಹೂ ಅರಳದೆ ಪರಿಮಳವಿಲ್ಲ.

ತಡವಾದುದಕ್ಕೆ ಕಾರಣಗಳು ಗುಟ್ಟಿನವಲ್ಲ. ಈ ಕೆಲಸವನ್ನು ನಡೆಸತಕ್ಕ ಸಂಸ್ಥೆಯು ರಾಜ್ಯಕ್ಕೆ 51 ಪಾಲು, ರೈಲ್ವೆಗೆ 49 ಪಾಲು ಇರುವ ಜಂಟಿ ಸಂಸ್ಥೆ. ವೆಚ್ಚದಲ್ಲಿ ಕೇಂದ್ರದ್ದು ನೂರಕ್ಕೆ 20, ರಾಜ್ಯದ್ದು 20, ಉಳಿದ 60 ಸಾಲ. ಜಮೀನಿನಲ್ಲಿ ಒಂದಷ್ಟು ರೈಲ್ವೆಯದು, ಒಂದಷ್ಟು ಖಾಸಗಿಯವರದು. ನಕ್ಷೆಗೂ ಸೇತುವೆಗೂ ಜಮೀನಿಗೂ ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಾಗದವು ಓಡಾಡಬೇಕು. ಬಂಡಿಯ ಬದಲು ಕಾಗದವೇ ಓಡಿತೆಂದರೆ ತಪ್ಪಾಗಲಾರದು. 2025ರಲ್ಲಿ ಮುಖ್ಯ ಗುತ್ತಿಗೆದಾರ ಸಂಸ್ಥೆಯು ಜಮೀನು ಸಕಾಲದಲ್ಲಿ ದೊರೆಯಲಿಲ್ಲವೆಂಬ ಕಾರಣವನ್ನು ಮುಂದಿಟ್ಟು ಕೆಲಸದಿಂದ ಹಿಂದೆ ಸರಿದುದು ಇದರ ಫಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ಕೇಂದ್ರದವರೂ ರಾಜ್ಯದವರೂ ನೆನೆಯಬೇಕು. ದೆಹಲಿಯಲ್ಲಿ ಯಾವ ಪಕ್ಷ, ಬೆಂಗಳೂರಿನಲ್ಲಿ ಯಾವ ಪಕ್ಷ ಎಂಬ ಲೆಕ್ಕವು ಮಾರಿಕುಪ್ಪದ ಹೆಣ್ಣುಮಗಳಿಗೆ ಬೇಕಾಗಿಲ್ಲ.

ಮೆಟ್ರೋ ಬಂದಿರುವಾಗ ಇದೇಕೆಂದು ಹೇಳುವವರ ವಾದವು ನಿಲ್ಲದು. 2011ರಲ್ಲಿ ಆರಂಭವಾದ ಮೆಟ್ರೋ ನಗರದ ಒಳಗಿನ ಸಂಚಾರಕ್ಕೆ ಮಹೋಪಕಾರ ಮಾಡಿದೆ. ಅದನ್ನು ನಾವು ಸ್ವಾಗತಿಸಿದವರೇ. ಆದರೆ 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರವು 60 ರೂಪಾಯಿಯಿಂದ 90ಕ್ಕೆ ಏರಿತು. ಹೋಗಿ ಬರುವುದಕ್ಕೆ ದಿನವೂ ಅಷ್ಟನ್ನು ತೆರಬಲ್ಲವರು ಎಷ್ಟು ಮಂದಿ? ಮಹಾತ್ಮಾ ಗಾಂಧಿಯವರು 1917ರಲ್ಲಿ ಮೂರನೆಯ ದರ್ಜೆಯ ಪ್ರಯಾಣಿಕರ ಪಾಡನ್ನು ಕುರಿತು ಬರೆದಾಗ ಅವರ ಮುಂದಿದ್ದ ಪ್ರಶ್ನೆಯೂ ಇದೇ: ರೈಲ್ವೆಗೆ ಹೆಚ್ಚಿನ ಹಣ ತರುವ ಬಡವನಿಗೆ ರೈಲ್ವೆಯು ಏನನ್ನು ಹಿಂದಿರುಗಿಸುತ್ತದೆ? ಮೂರನೆಯ ದರ್ಜೆಯು ಹೋಯಿತು. ಪ್ರಶ್ನೆಯು ಉಳಿಯಿತು.

ಆದುದರಿಂದ ನಾವು ಕೇಳುವುದು ಮೂರೇ ಮಾತು. ಮೊದಲನೆಯದಾಗಿ, ಪ್ರತಿಯೊಂದು ಮಾರ್ಗಕ್ಕೂ ಮುಗಿಯುವ ದಿನವನ್ನು ಗೊತ್ತುಮಾಡಿ, ಪ್ರತಿ ಮೂರು ತಿಂಗಳಿಗೊಮ್ಮೆ ಜಮೀನು ಎಷ್ಟು ಬಂದಿತು, ಕೆಲಸ ಎಷ್ಟು ನಡೆಯಿತು ಎಂಬ ಲೆಕ್ಕವನ್ನು ಜನರ ಮುಂದಿಡಲಿ. ಎರಡನೆಯದಾಗಿ, ದರವನ್ನು ದುಡಿಯುವವನ ಕೂಲಿಯನ್ನು ನೋಡಿ ಕಟ್ಟಲಿ, ತಿಂಗಳ ಪಾಸನ್ನು ಬಿಡದಿರಲಿ. ಮೂರನೆಯದಾಗಿ, ಅಂಗೀಕೃತವಾದ ಮಾರ್ಗಗಳು ವೈಟ್‌ಫೀಲ್ಡಿನಲ್ಲಿಯೂ ಕೆಂಗೇರಿಯಲ್ಲಿಯೂ ಚಿಕ್ಕಬಾಣಾವರದಲ್ಲಿಯೂ ನಿಲ್ಲುತ್ತವೆ. ಬಂಗಾರಪೇಟೆ, ರಾಮನಗರ, ತುಮಕೂರುಗಳು ಅವುಗಳ ಆಚೆಗೆ ಉಳಿಯುತ್ತವೆ. ಮೊದಲ ಘಟ್ಟದ ಕೆಲಸ ನಡೆಯುತ್ತಿರುವಾಗಲೇ ಆ ಊರುಗಳವರೆಗೆ ಮುಂದುವರಿಸುವ ನಿರ್ಧಾರವಾಗಲಿ. ಎಲ್ಲರಿಗಿಂತ ಮೊದಲು ಬೇಡಿದವರು ಎಲ್ಲರಿಗಿಂತ ಕೊನೆಗೆ ಪಡೆಯುವಂತಾಗಬಾರದು.

ಈ ನಾಡಿಗೆ ಸಾಮರ್ಥ್ಯವಿಲ್ಲವೆಂದು ಯಾರೂ ಹೇಳಲಾರರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕಾಡು ಮೇಡುಗಳ ಮೇಲೆ ಹಾಯಿಸಿ ಕೋಲಾರದ ಗಣಿಗಳಿಗೆ ಮುಟ್ಟಿಸಿದವರು ನಮ್ಮ ಹಿರಿಯರು. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದುದು ಅದಾದ ಮೂರು ವರ್ಷಗಳಿಗೆ, 1905ರಲ್ಲಿ. ಅಂದು ಬೆಳಕು ಗಣಿಯ ಊರಿಗೆ ಮೊದಲು ಹೋಗಿ ನಗರಕ್ಕೆ ಆಮೇಲೆ ಬಂದಿತು. ಆ ಊರಿನ ಮಕ್ಕಳು ಇಂದು ಕತ್ತಲಲ್ಲಿ ಎದ್ದು ಕತ್ತಲಲ್ಲಿ ಮನೆ ಸೇರುತ್ತಿರುವರು. ಅವರಿಗೆ ದಿನಕ್ಕೆ ಒಂದು ಗಂಟೆಯ ಹಗಲನ್ನಾದರೂ ಹಿಂದಿರುಗಿಸುವುದು ನಗರದ ಮೇಲಿರುವ ಋಣ. ಅದನ್ನು ತೀರಿಸುವ ಹೊಣೆಯನ್ನು ಹೊತ್ತವರು ಇನ್ನೊಂದು ಅಡಿಗಲ್ಲನ್ನು ಹುಡುಕದೆ, ಇಟ್ಟ ಕಲ್ಲಿನ ಮೇಲೆ ಕಟ್ಟಡವನ್ನೆಬ್ಬಿಸಲಿ.