ಶಸ್ತ್ರಕ್ರಿಯೆಯ ಹೆರಿಗೆಯೂ ತಾಯಿಯ ಹಾಲೂ

ಶಸ್ತ್ರಕ್ರಿಯೆಯಿಂದ ಹೆರಿಗೆಯಾಯಿತೆಂಬ ಸುದ್ದಿ ಬಂದೊಡನೆ ಮನೆಯ ಹಿರಿಯರ ಬಾಯಿಂದ ಒಂದು ಮಾತು ಹೊರಡುವುದುಂಟು: “ಹೊಟ್ಟೆ ಕೊಯ್ದ ಮೇಲೆ ಹಾಲೆಲ್ಲಿಂದ ಬರಬೇಕು? ಡಬ್ಬಿಯ ಪುಡಿ ತನ್ನಿ.” ಈ ಮಾತಿನಲ್ಲಿ ಮಮತೆಯೇನೋ ಪೂರ್ಣವಾಗಿದೆ, ನಿಜ ಮಾತ್ರ ಅರ್ಧವೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆಗಳು ಶಸ್ತ್ರಕ್ರಿಯೆಯಿಂದ ಆದವು. ಆದುದರಿಂದ ಈ ವಿಷಯವನ್ನು ತಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ಗರ್ಭಿಣಿಯ ಎದೆ ಹಾಲಿಗೆ ಮೊದಲೇ ಸಿದ್ಧವಾಗಿರುತ್ತದೆ. ಆದರೆ ಮಾಸು ಒಳಗಿರುವವರೆಗೆ ಅದರಿಂದ ಹುಟ್ಟುವ ಪ್ರೊಜೆಸ್ಟರಾನ್ ಎಂಬ ರಸ ಹಾಲನ್ನು ತಡೆದಿಟ್ಟಿರುತ್ತದೆ. ಮಾಸು ಹೊರಬಂದಾಗ ಆ ತಡೆ ಸರಿಯುತ್ತದೆ. ಅದು ತಾನಾಗಿ ಬಿದ್ದರೂ ವೈದ್ಯರು ತೆಗೆದರೂ ಫಲ ಒಂದೇ. ಹೊಟ್ಟೆಯ ಗಾಯಕ್ಕೂ ಎದೆಯ ಶಕ್ತಿಗೂ ಸಂಬಂಧವಿಲ್ಲ.

ಹಾಗಾದರೆ ಹಾಲು ತಡವಾಗುವುದೇಕೆ? ಮಗು ಚೀಪಿದಾಗ ತಾಯಿಯ ಮಿದುಳಿಗೆ ಸೂಚನೆ ಮುಟ್ಟುತ್ತದೆ; ಹಾಲನ್ನು ಹುಟ್ಟಿಸುವ ಪ್ರೊಲ್ಯಾಕ್ಟಿನ್, ಹಾಲನ್ನು ಇಳಿಸುವ ಆಕ್ಸಿಟೋಸಿನ್ ಎಂಬ ಎರಡು ರಸಗಳು ಆಗ ಹೊರಡುತ್ತವೆ. ಶಸ್ತ್ರಕ್ರಿಯೆಯ ಬಳಿಕ ತಾಯಿ ಒಂದೆಡೆ, ಕೂಸು ಒಂದೆಡೆ ಆಗುವುದುಂಟು. ನೋವು, ಆಯಾಸ, ಕಳವಳಗಳು ಹಾಲಿಳಿಯುವುದಕ್ಕೆ ಅಡ್ಡಿಯಾಗುತ್ತವೆ. ಎರಡು ಮೂರು ದಿನಕ್ಕೆ ತುಂಬಬೇಕಾದ ಎದೆ ಇನ್ನೊಂದು ದಿನ ತಡೆಯಬಹುದು. ಅಷ್ಟರಲ್ಲಿ ಬರುವ ಹಳದಿ ಬಣ್ಣದ ಮೊದಲ ಹಾಲು ಕೆಲವೇ ಹನಿ. ಹಸುಗೂಸಿನ ಹೊಟ್ಟೆಗೆ ಮೊದಲ ದಿನ ಒಮ್ಮೆಗೆ ಒಂದು ಚಮಚದಷ್ಟೇ ಸಾಕು. ಇದನ್ನರಿಯದೆ ಬಾಟಲಿ ಕೊಟ್ಟರೆ ಮಗು ಹೊಟ್ಟೆ ತುಂಬಿ ಮಲಗುತ್ತದೆ, ಚೀಪುವುದಿಲ್ಲ; ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ. ಶಸ್ತ್ರಕ್ರಿಯೆ ಮಾಡದ ಕೆಡುಕನ್ನು ಬಾಟಲಿ ಮಾಡಿಬಿಡುತ್ತದೆ.

ಇದಕ್ಕೆ ಉಪಾಯವೇನು? ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟಿದ್ದರೆ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಮಗುವನ್ನು ಎದೆಯ ಮೇಲೆ ಮಲಗಿಸುವಂತೆ ವೈದ್ಯರನ್ನು ಮುಂಚೆಯೇ ಕೇಳಿಕೊಳ್ಳಿ. ಪೂರ್ಣ ಅರಿವಳಿಕೆ ಕೊಟ್ಟಿದ್ದರೆ, ಎಚ್ಚರವಾದೊಡನೆ ಕೊಡಿ. ತಾಯಿ ಮಗ್ಗುಲಾಗಿ ಮಲಗಿ ಊಡಿಸಲಿ. ಇಲ್ಲವೆ ಮಗುವನ್ನು ಕಂಕುಳಡಿ, ಕಾಲು ಹಿಂದಕ್ಕೆ ಬರುವಂತೆ ಹಿಡಿದುಕೊಳ್ಳಲಿ. ಆಗ ಗಾಯದ ಮೇಲೆ ಭಾರ ಬೀಳದು. ಮಗುವನ್ನು ಎತ್ತಿಕೊಡುವ ಕೆಲಸ ಮನೆಯವರದು. ವೈದ್ಯರು ಕೊಟ್ಟ ನೋವಿನ ಮಾತ್ರೆಯನ್ನು ಹಾಲಿಗೆ ಹೆದರಿ ಬಿಡಬಾರದು. ದಿನಕ್ಕೆ 8ರಿಂದ 12 ಸಲ ಊಡಿಸಬೇಕು. ಮಗು ಬೇರೆ ಕೋಣೆಯಲ್ಲಿದ್ದರೆ ಕೈಯಿಂದ ಹಿಂಡಿದ ಹಾಲನ್ನು ಚಮಚದಿಂದಲೋ ಶುಚಿಯಾದ ಒಳಲೆಯಿಂದಲೋ ಕುಡಿಸಬಹುದು.

ಮಗು ಸರಿಯಾಗಿ ಮೂತ್ರ ಮಾಡದಿದ್ದರೆ, ಮಂಕಾಗಿ ಮಲಗಿಯೇ ಇದ್ದರೆ, ತೂಕ ಇಳಿಯುತ್ತಲೇ ಹೋದರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ. ಮೇಲುಹಾಲು ಬೇಕೆಂದು ಅವರು ಹೇಳಿದರೆ ಕೊಡಿ. ಅದರಿಂದ ತಾಯಿಗೆ ಅವಮಾನವಿಲ್ಲ. ಆದರೆ ಎದೆಗೆ ಹಿಡಿಯುವುದನ್ನು ಮಾತ್ರ ಬಿಡಬೇಡಿ.

ಮೊದಲ ವಾರವನ್ನು ದಾಟಿ ಹಾಲೂಡಿಸುತ್ತ ಬಂದ ತಾಯಂದಿರಲ್ಲಿ, ಆರು ತಿಂಗಳ ಹೊತ್ತಿಗೆ ಹೆರಿಗೆಯ ಬಗೆಯಿಂದ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ತೊಡಕಿರುವುದು ಆರಂಭದಲ್ಲಿ ಮಾತ್ರ. ಹಳಗನ್ನಡದಲ್ಲಿ ‘ಪಾಲ್’ ಎಂದರೆ ಹಾಲೂ ಹೌದು, ಭಾಗವೂ ಹೌದು. ಕೂಸಿನ ಪಾಲು ಕೂಸಿಗೆ ಸಲ್ಲುವಂತೆ ಆ ಮೂರು ನಾಲ್ಕು ದಿನ ಬಾಣಂತಿಗೆ ಧೈರ್ಯ ಹೇಳಿ ಕಾಯುವುದು ಮನೆಯವರ ಕೆಲಸ.