ಹಲಸೂರು ಕೆರೆಯ ನಡುಗಡ್ಡೆ ನಮ್ಮ ಕೃಷಿ ಹೊಂಡಕ್ಕೆ ಹೇಳೋ ಪಾಠ

ದ್ವೀಪ ಅಂದ ಕೂಡಲೇ ಅಂಡಮಾನ್, ಲಕ್ಷದ್ವೀಪ ನೆನಪಾಗುತ್ತೆ ಅಲ್ವಾ? ಬೆಂಗಳೂರಿನ ಮಧ್ಯದಲ್ಲೂ ದ್ವೀಪಗಳಿವೆ ಸ್ನೇಹಿತರೇ. ಹಲಸೂರು ಕೆರೆಯ ನೀರಿನ ನಡುವೆ ಮರ ತುಂಬಿದ ಪುಟ್ಟ ಪುಟ್ಟ ನಡುಗಡ್ಡೆಗಳನ್ನು ನೀವು ನೋಡಿರಬಹುದು. ನನ್ನ ತೋಟ ಇರೋದು ಕೆ.ಆರ್. ಪುರ ದಾಟಿ, ಹೊಸಕೋಟೆ ಕಡೆ. ಶಿವಾಜಿನಗರದ ಮಾರ್ಕೆಟ್‌ಗೆ ಸೊಪ್ಪು ಹಾಕಿ ವಾಪಸ್ ಬರುವಾಗ ಈ ಕೆರೆ ದಂಡೆಯಲ್ಲಿ ಸ್ವಲ್ಪ ಹೊತ್ತು ಗಾಡಿ ನಿಲ್ಲಿಸೋದು ನನ್ನ ಅಭ್ಯಾಸ. ಕೃಷಿ ಹೊಂಡದಲ್ಲಿ ಮೀನು ಬಿಟ್ಟಿರೋರಿಗೆ, ಬಿಡಬೇಕು ಅಂತ ಯೋಚಿಸ್ತಿರೋರಿಗೆ ಇಲ್ಲಿ ಕಲಿಯೋದು ಬೇಕಾದಷ್ಟಿದೆ.

ನಡುಗಡ್ಡೆಯ ದಿನಚರಿ

ಬೆಳಿಗ್ಗೆ ಬೆಳ್ಳಕ್ಕಿಗಳು ಮೇವಿಗೆ ಹೊರಡುತ್ತವೆ. ನೀರುಕಾಗೆಗಳು ಮುಳುಗಿ ಮೀನು ಹಿಡಿದು, ಆಮೇಲೆ ಕೊಂಬೆ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಸುತ್ತ ನೀರಿರೋದರಿಂದ ನಾಯಿ, ಬೆಕ್ಕಿನ ಕಾಟ ಕಡಿಮೆ. ಊರ ನಡುವೆ ಇದ್ದರೂ ಹಕ್ಕಿಗಳು ಅಲ್ಲಿ ಧೈರ್ಯವಾಗಿ ಕೂರೋದಕ್ಕೆ ಅದೇ ಕಾರಣ.

ಹಕ್ಕಿ ಕೂರುವ ಮರದ ಕೆಳಗೆ ಹಿಕ್ಕೆ ಬೀಳುತ್ತೆ. ಅದರಲ್ಲಿ ಸಾರಜನಕ, ರಂಜಕ ಎರಡೂ ಇವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ರೈತರು ಹೆಜ್ಜಾರ್ಲೆ, ಕೊಕ್ಕರೆಗಳ ಹಿಕ್ಕೆಯನ್ನು ಗೊಬ್ಬರವಾಗಿ ಬಳಸಿಕೊಂಡು ಬಂದವರು. ಆದರೆ ಗದ್ದೆಯಲ್ಲಿ ಗೊಬ್ಬರ ಆಗೋ ವಸ್ತು ನಿಂತ ನೀರಿಗೆ ಹೆಚ್ಚಾಗಿ ಬಿದ್ದರೆ ಪಾಚಿ ಬೆಳೆಸುತ್ತೆ. ತೊಂದರೆ ಶುರುವಾಗೋದೇ ಅಲ್ಲಿಂದ.

2016ರ ಮಾರ್ಚ್‌ನಲ್ಲಿ ಆಗಿದ್ದು

ಆ ತಿಂಗಳು ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ನೀರು ಸೇರಿದ್ದು, ಜೊತೆಗೆ ಬಿಸಿಲಿನ ಝಳ, ಎರಡೂ ಸೇರಿ ನೀರಿನಲ್ಲಿ ಕರಗಿರೋ ಆಮ್ಲಜನಕ ಕುಸಿದಿತ್ತು. ಅದೇ ವರ್ಷ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯ್ತು ಅಂದ್ರೆ ಆ ಬೇಸಿಗೆ ಹೇಗಿತ್ತು ಊಹಿಸಿ.

ಲೆಕ್ಕ ಸರಳ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳೋ ಆಮ್ಲಜನಕ ಕಡಿಮೆಯಾಗುತ್ತೆ. ಶುದ್ಧ ನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಕಾಟ್ಲಾ, ರೋಹು ಚೆನ್ನಾಗಿ ಬೆಳೆಯೋಕೆ 5 ಮಿಲಿಗ್ರಾಂ ಆದರೂ ಬೇಕು. ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಕೊಡುತ್ತೆ, ರಾತ್ರಿ ತಾನೇ ಉಸಿರಾಡಿ ಅದನ್ನು ಕಡಿಮೆ ಮಾಡುತ್ತೆ. ಹಾಗಾಗಿ ಬೆಳಗಿನ ಜಾವ, ಸೂರ್ಯ ಹುಟ್ಟೋ ಮುಂಚೆ ಆಮ್ಲಜನಕ ಅತಿ ಕಡಿಮೆ ಇರುತ್ತೆ. ಎರಡು ಮೂರು ದಿನ ಮೋಡ ಮುಚ್ಚಿದ್ದರಂತೂ ಹಗಲಿನ ಗಳಿಕೆಯೂ ಇಲ್ಲ.

ಕಳೆದ ವರ್ಷ ನಮ್ಮ ಪಕ್ಕದ ತೋಟದ ಹಿರಿಯರೊಬ್ಬರು ಅಂಥದ್ದೇ ಒಂದು ಮೋಡದ ವಾರದಲ್ಲಿ ಬೆಳಿಗ್ಗೆ ಐದೂವರೆಗೆ ಫೋನ್ ಮಾಡಿದ್ರು. "ಲೇ ತಮ್ಮಾ, ಮೀನೆಲ್ಲಾ ಮೇಲೆ ಬಂದು ಬಾಯಿ ಬಿಡ್ತಾವೆ ಕಣೋ, ಹಸಿವೇನೋ, ತೌಡು ಹಾಕ್ಲಾ?" ಅಂದ್ರು. "ಬೇಡಣ್ಣ, ಒಂದು ಹಿಡಿನೂ ಹಾಕ್ಬೇಡಿ. ಮೊದಲು ಮೋಟಾರ್ ಆನ್ ಮಾಡಿ, ಹೊಂಡದ ನೀರನ್ನೇ ಎತ್ತಿ ಮೇಲಿಂದ ಹೊಂಡಕ್ಕೇ ಬೀಳಿಸಿ" ಅಂದೆ. ಎರಡು ಗಂಟೆ ನೀರು ಚಿಮ್ಮಿಸಿದ ಮೇಲೆ ಮೀನು ಕೆಳಗಿಳಿದವು. ಇನ್ನೆರಡು ತಿಂಗಳಲ್ಲಿ ಹಿಡಿಯಬೇಕಿದ್ದ ಫಸಲು ಅದು. ಆ ಮನೆಯ ಮಗಳ ಕಾಲೇಜು ಫೀಸು ಅದರ ಮೇಲೇ ನಿಂತಿತ್ತು.

ನಿಮ್ಮ ಹೊಂಡದಲ್ಲಿ ಏನು ಮಾಡಬೇಕು?

- ಬೇಸಿಗೆಯಲ್ಲಿ, ಮೋಡದ ದಿನಗಳಲ್ಲಿ ಬೆಳಗಿನ ಜಾವ ಒಮ್ಮೆ ಹೊಂಡ ನೋಡಿ. ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಅದು ಉಸಿರಿನ ತೊಂದರೆ. ಮೇವು ನಿಲ್ಲಿಸಿ, ನೀರು ಚಿಮ್ಮಿಸಿ.
- ನೀರು ಕಡು ಹಸಿರಾಗಿದ್ದರೆ ಸಗಣಿ, ಗೊಬ್ಬರ ಹಾಕೋದನ್ನು ನಿಲ್ಲಿಸಿ.
- ಕೊಟ್ಟಿಗೆ ತೊಳೆದ ನೀರು ಹೊಂಡದ ಕಡೆ ಹರಿಯದಂತೆ ಸಣ್ಣ ಬದು ಹಾಕಿ.
- ನೀರು ಇಳಿಯೋ ಬೇಸಿಗೆಯಲ್ಲಿ ದೊಡ್ಡ ಮೀನನ್ನು ಮೊದಲೇ ಹಿಡಿದು ಮಾರಿ, ಉಳಿದವಕ್ಕೆ ಜಾಗ ಆಗುತ್ತೆ.
- ಹೊಂಡದ ಸುತ್ತ ಬೇಲಿ ಇರಲೇಬೇಕು. ಪ್ಲಾಸ್ಟಿಕ್ ಹಾಳೆ ಜಾರುತ್ತೆ, ಮಕ್ಕಳು ಬಿದ್ದರೆ ಹತ್ತಿ ಬರೋಕಾಗಲ್ಲ. ಹಗ್ಗ, ಟ್ಯೂಬ್ ಪಕ್ಕದಲ್ಲೇ ಇಡಿ.

ಮಳೆ ಲೆಕ್ಕ

2024ರ ಏಪ್ರಿಲ್ ಪೂರ್ತಿ ಬೆಂಗಳೂರು ನಗರ ಕೇಂದ್ರದಲ್ಲಿ ಮಳೆಯೇ ದಾಖಲಾಗಲಿಲ್ಲ. ಅದೇ ವರ್ಷ ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಸುರಿದು, 1891ರಿಂದ ಇದ್ದ ಜೂನ್ ತಿಂಗಳ ದಾಖಲೆ ಮುರೀತು. ಅಷ್ಟು ಮಳೆ ಒಂದು ಎಕರೆ ಮೇಲೆ ಬಿದ್ದರೆ ಸುಮಾರು ನಾಲ್ಕೂವರೆ ಲಕ್ಷ ಲೀಟರ್ ನೀರು. ಇಳಿಜಾರು ಬದಿಯ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡಕ್ಕೆ ಹಿಡಿಯೋದು ಸುಮಾರು ಎರಡೂವರೆ ಲಕ್ಷ ಲೀಟರ್. ಒಂದಷ್ಟು ನೀರನ್ನು ಮಣ್ಣು ಕುಡಿಯುತ್ತೆ ನಿಜ. ಆದರೂ ಕೋಡಿ ಇಲ್ಲದ ಹೊಂಡದಲ್ಲಿ ಇಂಥ ಮಳೆಗೆ ಏರಿ ಒಡೀಬಹುದು, ಮೀನೂ ಕೊಚ್ಚಿಕೊಂಡು ಹೋಗಬಹುದು. ಕೋಡಿ ಬಿಡಿ, ಅದಕ್ಕೆ ಬಲೆ ಕಟ್ಟಿ. ನೀರು ಒಳಗೆ ಬರೋ ದಾರಿಯಲ್ಲಿ ಹೂಳು ಗುಂಡಿ ಮಾಡಿ.

ಇನ್ನೊಂದು ಮಾತು. ಇಂದಿರಾನಗರದಲ್ಲಿ ಜೋರು ಮಳೆ ಬಂದಾಗ ಕೆ.ಆರ್. ಪುರದಲ್ಲಿ ನೆಲ ಒಣಗಿರೋದನ್ನು ನಾನು ಎಷ್ಟೋ ಸಲ ನೋಡಿದೀನಿ. ಟಿ.ವಿ.ಯಲ್ಲಿ 'ಬೆಂಗಳೂರಿನಲ್ಲಿ ಮಳೆ' ಅಂದ್ರೆ ನಿಮ್ಮ ಹೊಲದಲ್ಲಿ ಮಳೆ ಅಂತಲ್ಲ. ಮೇಘದೂತ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯ ಸಲಹೆ ನೋಡಿ. ಹೋಬಳಿ ಮಟ್ಟದ ಮುನ್ಸೂಚನೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಯಲ್ಲಿ ಕೇಳಿ. ಮೂರು ದಿನ ಮೋಡ ಅಂತ ಕಂಡರೆ ಅವತ್ತೇ ಮೇವು ಅರ್ಧಕ್ಕೆ ಇಳಿಸಿ, ಮೋಟಾರ್ ಸರಿಯಿದೆಯಾ ನೋಡ್ಕೊಳ್ಳಿ, ಬೆಳಗಿನ ಜಾವ ಐದಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಡಿ.