ಮರುಕಳಿಸುವ ವಾಹನದೋಷ ಮತ್ತು ಜಾಬ್ ಕಾರ್ಡ್

ವಾರಂಟಿ ಅವಧಿಯಲ್ಲಿ ಒಂದೇ ದೋಷಕ್ಕಾಗಿ ನಾಲ್ಕಾರು ಬಾರಿ ಡೀಲರನಲ್ಲಿಗೆ ಅಲೆದ ಕಾರು ಮಾಲೀಕರೂ ಗ್ರಾಹಕ ಆಯೋಗದಲ್ಲಿ ಸೋಲುವುದುಂಟು. ಜಾಬ್ ಕಾರ್ಡಿನಲ್ಲಿ 'ಸಾಮಾನ್ಯ ತಪಾಸಣೆ' ಎಂದಷ್ಟೇ ನಮೂದಾಗಿದ್ದರೆ ದೋಷ ಮರುಕಳಿಸಿತೆಂಬುದಕ್ಕೆ ಆಧಾರವೇ ಉಳಿಯದು. ಆದುದರಿಂದ ಪ್ರತಿ ಸಲವೂ ದೂರನ್ನು ಮಾಲೀಕರ ಮಾತಿನಲ್ಲೇ ಬರೆಯಿಸಿ, ಓಡಿದ ಕಿಲೋಮೀಟರ್, ವಾಹನ ಒಪ್ಪಿಸಿದ ಹಾಗೂ ಮರಳಿ ಪಡೆದ ದಿನಾಂಕ, ಬದಲಿಸಿದ ಬಿಡಿಭಾಗಗಳ ವಿವರಗಳುಳ್ಳ ಪ್ರತಿಯನ್ನು ಪಡೆಯತಕ್ಕದ್ದು. ಉಚಿತ ದುರಸ್ತಿಗೂ ಶೂನ್ಯ ಮೊತ್ತದ ಬಿಲ್ಲು ಕೇಳಬೇಕು. ಖರೀದಿ ಬಿಲ್ಲುಗಳನ್ನು ಜೋಪಾನವಾಗಿಡುವ ವರ್ತಕರು ಇದೊಂದನ್ನು ಮರೆಯುವುದು ವಿಚಿತ್ರ.

ಉತ್ಪಾದನಾ ದೋಷವೆಂದು ವಾದಿಸುವುದಾದರೆ ಸಾಮಾನ್ಯವಾಗಿ ತಜ್ಞರ ವರದಿ ಬೇಕಾಗುತ್ತದೆ. ಡೀಲರನೊಡನೆ ತಯಾರಕರನ್ನೂ ಎದುರುದಾರರನ್ನಾಗಿಸುವುದು ಕ್ಷೇಮ.

ಸಂಸ್ಥೆಯ ಹೆಸರಿನಲ್ಲಿರುವ ಕಾರಿನ ವಿಷಯ ತುಸು ಜಟಿಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಡುತ್ತದೆ. ಸ್ವಉದ್ಯೋಗದ ಜೀವನೋಪಾಯಕ್ಕಾಗಿ ಕೊಂಡದ್ದು ಇದಕ್ಕೆ ಅಪವಾದ. ನಿರ್ದೇಶಕರ ಸ್ವಂತ ಬಳಕೆಗಾಗಿ ಕಂಪನಿ ಕೊಂಡ ಕಾರು ವಾಣಿಜ್ಯ ಉದ್ದೇಶದ್ದಲ್ಲವೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪಿತ್ತಿದೆ. ಸರಕು ಸಾಗಿಸುವ ವಾಹನಕ್ಕೆ ಈ ತೀರ್ಪಿನ ಆಸರೆ ದೊರೆಯದು.

ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬೇಕು. ಕಾಲಮಿತಿ, ವ್ಯಾಜ್ಯಕಾರಣ ಉದ್ಭವಿಸಿದಂದಿನಿಂದ 2 ವರ್ಷ. ಡೀಲರನ ಭರವಸೆಯ ಪತ್ರಗಳನ್ನು ನಂಬಿ ಕುಳಿತ ಮಾತ್ರಕ್ಕೆ ಈ ಗಡುವು ಮುಂದಕ್ಕೆ ಹೋಗದು.